ಮಂಗಳೂರು ವಿ.ವಿ.: ಬೆಳೆದದ್ದೆಷ್ಟು, ಕರಗಿದ್ದೆಷ್ಟು?

ಪದವಿನ ಮೇಷ್ಟ್ರು

ನಮ್ಮೂರ ಗ್ರಂಥಾಲಯದ ಸ್ಮರಣ ಸಂಚಿಕೆಗೆ ಮಂಗಳೂರು ವಿಶ್ವವಿದ್ಯಾನಿಲಯದ ಚರಿತ್ರೆ ಬರೆದು ಕೊಡಬೇಕಾಗಿದೆ. ಬರೆಯುವುದೇನೂ ಕಷ್ಟವಲ್ಲ. 1968ರಲ್ಲಿ ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರ, 1980ರ ಸೆಪ್ಟೆಂಬರ್ 10ಕ್ಕೆ ಸ್ವತಂತ್ರ ವಿ.ವಿ., ಕೊಣಾಜೆಯ ಗುಡ್ಡೆಯ ಮೇಲೆ 353 ಎಕರೆಯ ಕ್ಯಾಂಪಸ್ಸು ಮಂಗಳಗಂಗೋತ್ರಿ, ಮೊದಲ ಕುಲಪತಿ ಪ್ರೊ. ಬಿ. ಶೇಕ್ ಅಲಿ, ಆಮೇಲೆ ಸಫೀವುಲ್ಲಾ, ಸವದತ್ತಿ ಎಂದು ಪಟ್ಟಿ ಕೊಟ್ಟು ‘ಇಂದು ಹೆಮ್ಮರವಾಗಿ ಬೆಳೆದಿದೆ’ ಅಂತ ಮುಗಿಸಿದರೆ ಸಂಚಿಕೆಯವರಿಗೂ ಸಂತೋಷ, ಓದುವವರಿಗೂ ತೊಂದರೆ ಇಲ್ಲ.

ಆ ‘ಹೆಮ್ಮರ’ವೇ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

1980ರಲ್ಲಿ ಈ ವಿ.ವಿ.ಯ ಸುಪರ್ದಿಯಲ್ಲಿ ಏನೆಲ್ಲ ಇತ್ತು ನೋಡಿ. ಉಡುಪಿ ಆಗ ಬೇರೆ ಜಿಲ್ಲೆ ಆಗಿರಲಿಲ್ಲ, ಅವಿಭಜಿತ ದಕ್ಷಿಣ ಕನ್ನಡ ಇಡೀ, ಕೊಡಗು ಇಡೀ. ಮಣಿಪಾಲದ ಮೆಡಿಕಲ್ ಕಾಲೇಜು ಕೆ.ಎಂ.ಸಿ., ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಕೆ.ಆರ್.ಇ.ಸಿ., ಉಡುಪಿಯ ವೈಕುಂಠ ಬಾಳಿಗಾ ಲಾ ಕಾಲೇಜು, ಮಂಗಳೂರಿನ ಅಲೋಶಿಯಸ್, ಆಗ್ನೆಸ್ ಕಾಲೇಜುಗಳು, ಉಡುಪಿಯ ಎಂ.ಜಿ.ಎಂ. ಎಲ್ಲವೂ. ಈ ಕರಾವಳಿಯಲ್ಲಿ ಡಾಕ್ಟರಾದವರಿಗೂ ಇಂಜಿನಿಯರಾದವರಿಗೂ ವಕೀಲರಿಗೂ ಕಾಲೇಜು ಮೇಷ್ಟ್ರುಗಳಿಗೂ ಪದವಿ ಪತ್ರದಲ್ಲಿ ಇದ್ದದ್ದು ಒಂದೇ ಮೊಹರು. ಈಗ? 1993ರಲ್ಲಿ ಮಣಿಪಾಲ ಡೀಮ್ಡ್ ವಿ.ವಿ. ಆಗಿ ತನ್ನ ಪದವಿಯನ್ನು ತಾನೇ ಕೊಡತೊಡಗಿತು. 1996ರಲ್ಲಿ ರಾಜೀವ ಗಾಂಧಿ ಆರೋಗ್ಯ ವಿ.ವಿ. ಬಂದು ಉಳಿದ ಮೆಡಿಕಲ್, ನರ್ಸಿಂಗ್ ಎಲ್ಲ ಅತ್ತ ಹೋದವು. 1998ರಲ್ಲಿ ಬೆಳಗಾವಿಯ ತಾಂತ್ರಿಕ ವಿ.ವಿ. (ವಿ.ಟಿ.ಯು.) ಇಂಜಿನಿಯರಿಂಗನ್ನು ಒಯ್ದಿತು. 2002ರಲ್ಲಿ ಸುರತ್ಕಲ್ಲಿನ ಕೆ.ಆರ್.ಇ.ಸಿ. ಕೇಂದ್ರ ಸರಕಾರದ ಎನ್.ಐ.ಟಿ.ಕೆ. ಆಯಿತು. 2009ರಲ್ಲಿ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕಾನೂನು ವಿ.ವಿ.ಗೆ. 2023ರಲ್ಲಿ ಕೊಡಗು ಬೇರೆ ವಿ.ವಿ. 2024ರಲ್ಲಿ ಅಲೋಶಿಯಸ್ ಡೀಮ್ಡ್. ಸ್ವಾಯತ್ತ ಕಾಲೇಜುಗಳದ್ದು ಇನ್ನೊಂದು ಕತೆ: ಹೆಸರಿಗೆ ವಿ.ವಿ.ಯ ಅಡಿಯಲ್ಲಿ, ಪಠ್ಯ ಮತ್ತು ಪರೀಕ್ಷೆ ಅವರದೇ.

ಹಾಗೆಂದು ಗುಡ್ಡೆಯ ಮೇಲೆ ಏನೂ ಕಡಿಮೆಯಾಗಲಿಲ್ಲ. ವಿಭಾಗಗಳು, ಕಟ್ಟಡಗಳು, ಪೀಠಗಳು, ಅಧ್ಯಯನ ಕೇಂದ್ರಗಳು ಹೆಚ್ಚುತ್ತಲೇ ಬಂದವು. ಒಳಗೆ ಬೆಳೆಯುತ್ತಾ ಹೊರಗೆ ಕರಗಿದ ಸಂಸ್ಥೆ ಇದು. ನನ್ನ ಮಟ್ಟಿಗೆ ಇದರ ನಿಜವಾದ ಚರಿತ್ರೆ ಕೊಣಾಜೆಯಲ್ಲಿ ಇಲ್ಲ, ಕಾರ್ಕಳ, ಪುತ್ತೂರು, ಸುಳ್ಯ, ಕುಂದಾಪುರದ ಪದವಿ ಕಾಲೇಜುಗಳ ಸ್ಟಾಫ್ ರೂಮಿನಲ್ಲಿದೆ. ಅಲ್ಲಿ ಪಾಠ ಮಾಡಿದವರನ್ನು ತಯಾರಿಸಿದ್ದು ಈ ಗುಡ್ಡೆ. ಒಪ್ಪುತ್ತೀರಾ? ಒಪ್ಪದಿದ್ದರೆ ಜಗಳಕ್ಕೆ ಬನ್ನಿ, ಲೇಖನಕ್ಕೆ ಸರಕು ಸಿಗಲಿ.

ದೇರಳಕಟ್ಟೆ ಹುಡುಗ

ಮೇಷ್ಟ್ರೇ, ಜಗಳಕ್ಕೇ ಬಂದೆ. ಕರಗಿದ್ದು ಎಂತದ್ದು? ಮೆಡಿಕಲ್, ಇಂಜಿನಿಯರಿಂಗ್ ಹೋಯ್ತು ಅಂತ ನಮ್ಮಂಥವರಿಗೆ ಏನೂ ನಷ್ಟ ಆಗ್ಲಿಲ್ಲ. ನಮಗೆ ಮೊದಲೂ ಅದು ಸಿಕ್ತಿರ್ಲಿಲ್ಲ. ಉಮ್ಮ ಬೀಡಿ ಕಟ್ಟಿ ಬೀಡಿ ಬ್ರಾಂಚಿಗೆ ಕೊಟ್ಟು ತಂದ ದುಡ್ಡಿನಲ್ಲಿ ನಾನು ಎಂ.ಕಾಂ. ಮಾಡಿದ್ದು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿ ಸರಕಾರಿ ಫೀಸಿನ ವಿ.ವಿ. ಇತ್ತು ಅನ್ನುವುದೊಂದೇ ಕಾರಣ. ನನ್ನ ಬ್ಯಾಚಿನಲ್ಲಿ ಇಂಥ ಮನೆಯವರು ಎಷ್ಟು ಜನ ಇದ್ರು ಗೊತ್ತುಂಟಾ? ಬಂಟ್ವಾಳ, ಬೆಳ್ತಂಗಡಿ ಕಡೆಯ ಹುಡುಗಿಯರು, ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವರು. ಈ ಲೆಕ್ಕ ನಿಮ್ಮ ನಕ್ಷೆಯಲ್ಲಿ ಬರುವುದಿಲ್ಲ.

ಇನ್ನೊಂದು ತಮಾಷೆ. ಸ್ಟೇಟ್‌ಬ್ಯಾಂಕಿನಿಂದ ಮುಡಿಪಿನ ಬಸ್ಸು ಹತ್ತಿ ಕೂತುಕೊಳ್ಳಿ. ನೇತ್ರಾವತಿ ಸಂಕ ದಾಟಿ ತೊಕ್ಕೊಟ್ಟಿನಲ್ಲಿ ಒಳಗೆ ತಿರುಗಿದ ಮೇಲೆ ದೇರಳಕಟ್ಟೆಯಲ್ಲಿ ಅರ್ಧ ಬಸ್ಸು ಖಾಲಿ. ಎಲ್ಲ ಖಾಸಗಿ ಮೆಡಿಕಲ್ ಕಾಲೇಜು, ಆಸ್ಪತ್ರೆಗೆ ಇಳಿಯುವವರು. ಆಮೇಲೆ ಅಸೈಗೋಳಿ ದಾಟಿ ಕೊಣಾಜೆಗೆ ಮುಟ್ಟುವಾಗ ಉಳಿದವರು ನಮ್ಮವರು. ಮುಂದೆ ಮುಡಿಪಿನಲ್ಲಿ ಇನ್ಫೋಸಿಸ್. ಈ ಒಂದೇ ರಸ್ತೆಯಲ್ಲಿ ಎರಡು ಡೀಮ್ಡ್ ವಿ.ವಿ., ಒಂದು ಸರಕಾರಿ ವಿ.ವಿ., ಒಂದು ಐ.ಟಿ. ಕಂಪೆನಿ. 1980ರಲ್ಲಿ ಇಲ್ಲಿ ಗೇರುಗುಡ್ಡೆ ಅಂತ ನಮ್ಮ ಅಜ್ಜ ಹೇಳ್ತಿದ್ರು.

ಕೋಡಿ ಕುಂದಾಪ್ರ

ಹ್ವಾಯ್, ಬಸ್ಸಿನಂಗೆ ಹೋಯಿ ಬಪ್ಪ ದೂರ ಅಂಬ್ರಲೇ ಅವ್ರು! ನಮ್ ಬದಿಯರಿಗೆ ಕೊಣಾಜೆ ಅಂದ್ರೆ ಮಂಗ್ಳೂರಿಂದ ಇನ್ನೂ ಅತ್ಲಾಗೆ. ಬೈಂದೂರು, ಗಂಗೊಳ್ಳಿ ಬದಿಯ ಹೆಣ್ ಮಕ್ಳಿಗೆ ಹಾಸ್ಟೆಲ್ ಸಿಕ್ರೆ ಎಂ.ಎ., ಇಲ್ದಿರೆ ಮದಿ. ಭಂಡಾರ್‌ಕಾರ್ಸ್‌ನಂಗೆ ಡಿಗ್ರಿ ಮುಗ್ಸಿದರ್ ಅಲ್ಲಿಗೇ ನಿಲ್ಲುದ್ ಹೆಚ್. ಮೇಷ್ಟ್ರು ‘ಕೊಡಗು ಹೋಯ್ತ್’ ಅಂದೇಳಿ ಬೇಜಾರ್ ಮಾಡ್ಕಂತ್ರ್. ನಮ್ದ್ ನಕ್ಷೆಯಗೆ ಇತ್ತ್, ಆರೆ ಇಪ್ಪುಕೂ ಇಲ್ದೆ ಇಪ್ಪುಕೂ ವ್ಯತ್ಯಾಸ ಇಲ್ಲ.

ಮಡಿಕೇರಿ ಮಳೆ

ಕುಂದಾಪುರದ ಅಕ್ಕ ಹೇಳಿದ್ದನ್ನು ನಾವೂ ಹೇಳುತ್ತೇವೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ ಮಂಗಳೂರು. ಮಳೆಗಾಲದಲ್ಲಿ ಈ ದಾರಿ ನಂಬುವಂಥದ್ದಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದಾಗ ರಸ್ತೆಯೇ ಇರಲಿಲ್ಲ. ಮಾರ್ಕ್ಸ್ ಕಾರ್ಡಿನ ಒಂದು ಸಣ್ಣ ತಿದ್ದುಪಡಿಗೂ ಘಾಟಿ ಇಳಿಯಬೇಕಿದ್ದವರಿಗೆ ಸ್ವಂತ ವಿ.ವಿ. ಬೇಕು ಅನ್ನಿಸಿದ್ದರಲ್ಲಿ ತಪ್ಪೇನು?

ಆದರೆ ಮಂಗಳೂರು ವಿ.ವಿ. ನಮಗೆ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾಗುತ್ತದೆ. ಮಡಿಕೇರಿಯ ಸರಕಾರಿ ಕಾಲೇಜನ್ನು, ಅಂದರೆ ಈಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜನ್ನು, 1993ರಲ್ಲಿ ತಾನೇ ನಡೆಸುವ ಘಟಕ ಕಾಲೇಜಾಗಿ ತೆಗೆದುಕೊಂಡಿತು. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ ‘ಜ್ಞಾನ ಕಾವೇರಿ’ ಸ್ನಾತಕೋತ್ತರ ಕೇಂದ್ರ ಕಟ್ಟಿತು. ಈಗಿನ ಕೊಡಗು ವಿ.ವಿ. ನಿಂತಿರುವುದು ಅದೇ ನೆಲದ ಮೇಲೆ. 1968ರಲ್ಲಿ ಮೈಸೂರು ಮಂಗಳೂರಿಗೆ ಮಾಡಿದ್ದನ್ನು ಮಂಗಳೂರು ನಮಗೆ ಮಾಡಿತು. ವ್ಯತ್ಯಾಸ ಇಷ್ಟೇ, ನಮ್ಮದು ಶುರುವಾಗಿ ಎರಡು ವರ್ಷಕ್ಕೇ, 2025ರ ಆರಂಭದಲ್ಲಿ, ಹೊಸ ಒಂಬತ್ತು ವಿ.ವಿ.ಗಳನ್ನು ಮುಚ್ಚಬೇಕು ಎಂಬ ಪ್ರಸ್ತಾಪ ಸಂಪುಟ ಉಪಸಮಿತಿಯ ಮುಂದೆ ಬಂತು. ದುಡ್ಡು ಕೊಡದೆ ಹುಟ್ಟಿಸುವುದು, ಆಮೇಲೆ ದುಡ್ಡಿಲ್ಲ ಅಂತ ಮುಚ್ಚುವುದು. ಇದಕ್ಕೆ ಬೆಳವಣಿಗೆ ಅಂತ ಹೆಸರಿಡಲು ನನಗೆ ಮನಸ್ಸಿಲ್ಲ.

ಪದವಿನ ಮೇಷ್ಟ್ರು

ಮಡಿಕೇರಿಯವರು ಒಳ್ಳೆಯ ಎಳೆ ಹಿಡಿದುಕೊಟ್ಟರು. ದೂರದ ವಿ.ವಿ.ಯ ಬಗ್ಗೆ ಇರುವ ಈ ಅಸಮಾಧಾನವೇ ಮಂಗಳೂರು ವಿ.ವಿ.ಯ ಹುಟ್ಟಿಗೂ ಕಾರಣ.

1956ರ ತನಕ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. ಅಲೋಶಿಯಸ್ 1880ರಲ್ಲಿ, ಆಗ್ನೆಸ್ 1921ರಲ್ಲಿ, ಎಂ.ಜಿ.ಎಂ. 1949ರಲ್ಲಿ ಶುರುವಾದಾಗ ಇವೆಲ್ಲ ಮದರಾಸು ವಿ.ವಿ.ಯ ಅಂಗಳದ ಕಾಲೇಜುಗಳು. ಮದರಾಸು ದೂರ ನಿಜ, ಆದರೆ 1907ರಿಂದಲೇ ಮಂಗಳೂರಿಗೆ ರೈಲು ಇತ್ತು, ಹತ್ತಿದರೆ ಇಳಿಯುವುದು ಮದರಾಸಿನಲ್ಲೇ. ಏಕೀಕರಣದ ಮೇಲೆ ಮೈಸೂರಿನ ನಂಟು ಬಂತು. ನಕ್ಷೆಯಲ್ಲಿ ಹತ್ತಿರ, ದಾರಿಯಲ್ಲಿ ಘಟ್ಟ. ಹಾಸನ–ಮಂಗಳೂರು ರೈಲುಮಾರ್ಗ ಮುಗಿದದ್ದು 1979ರಲ್ಲಿ. ಅಂದರೆ ಮೈಸೂರು ಕಡೆಗೆ ರೈಲು ಸಿಕ್ಕಿದ ಮರುವರ್ಷವೇ ನಮ್ಮ ಕಾಲೇಜುಗಳಿಗೆ ಮೈಸೂರಿಗೆ ಹೋಗುವ ಕೆಲಸ ತಪ್ಪಿತು!

1980 ನಮ್ಮೊಬ್ಬರದೇ ವರ್ಷವೂ ಅಲ್ಲ. ಗುಲ್ಬರ್ಗ ವಿ.ವಿ.ಯೂ ಆಗಲೇ ಹುಟ್ಟಿದ್ದು. ಅದು ಧಾರವಾಡದ ಕರ್ನಾಟಕ ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿತ್ತು, ಇದು ಮೈಸೂರಿನದ್ದು. ಕರಾವಳಿ ಮತ್ತು ಕಲ್ಯಾಣ ಕರ್ನಾಟಕ, ಎರಡೂ ರಾಜಧಾನಿಯಿಂದ ದೂರ ಬಿದ್ದ ಜಾಗಗಳು. ಆಗ ಮುಖ್ಯಮಂತ್ರಿ ಗುಂಡೂರಾಯರು, ಕೊಡಗಿನವರು. ಹೊಸ ವಿ.ವಿ. ದಕ್ಷಿಣ ಕನ್ನಡವನ್ನೂ ಕೊಡಗನ್ನೂ ಒಟ್ಟಿಗೆ ಹಿಡಿದುಕೊಂಡು ಬಂತು.

ಪಾಡ್ದನ ಪ್ರಿಯ

1980ರ ಬಗ್ಗೆ ಇಷ್ಟು ಮಾತಾಡಿ 1968ನ್ನು ಒಂದು ಸಾಲಿನಲ್ಲಿ ದಾಟಿಸಿದರೆ ಹೇಗೆ ಮೇಷ್ಟ್ರೇ? ವಿ.ವಿ. ಆಗುವ ಮೊದಲಿನ ಆ ಹನ್ನೆರಡು ವರ್ಷಗಳಲ್ಲೇ ಕನ್ನಡ ವಿಭಾಗದ ಬುನಾದಿ ಬಿದ್ದದ್ದು. ಎಸ್.ವಿ. ಪರಮೇಶ್ವರ ಭಟ್ಟರು ಮೈಸೂರಿನಿಂದ ಬಂದರು. ಕಾಳಿದಾಸನನ್ನು ಇಡಿಯಾಗಿ ಕನ್ನಡಕ್ಕೆ ತಂದ ವಿದ್ವಾಂಸರು. ಅವರು ವಿಭಾಗದ ಕೋಣೆಯಲ್ಲಿ ಕೂತು ಪಾಠ ಹೇಳಿ ಸುಮ್ಮನಾದವರಲ್ಲ. ಊರೂರು ತಿರುಗಿ ಭಾಷಣ ಮಾಡಿದರು, ಶಾಲೆ, ಸಂಘ, ಗ್ರಂಥಾಲಯ ಯಾವುದನ್ನೂ ಬಿಡಲಿಲ್ಲ. ಈಗ ಕೊಣಾಜೆಯ ಕನ್ನಡ ಅಧ್ಯಯನ ಸಂಸ್ಥೆಗೆ ಅವರದೇ ಹೆಸರು. ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಮಾತಾಡುವ ಜಿಲ್ಲೆಯಲ್ಲಿ ಕನ್ನಡ ಎಂ.ಎ.ಗೆ ಮಕ್ಕಳು ಬರುತ್ತಾರಾ ಅಂತ ಸಂಶಯ ಇದ್ದ ಕಾಲ. ಬಂದರು. ಮೊದಲ ತಂಡದಲ್ಲಿ ಕಲಿತ ಬಿ.ಎ. ವಿವೇಕ ರೈಯವರು ಅಲ್ಲೇ ಪ್ರಾಧ್ಯಾಪಕರಾಗಿ, ಆಮೇಲೆ ಹಂಪಿ ಕನ್ನಡ ವಿ.ವಿ.ಗೆ ಕುಲಪತಿಯಾದರು. ಕೆ. ಚಿನ್ನಪ್ಪ ಗೌಡರು ಜಾನಪದ ವಿ.ವಿ.ಗೆ, ಸಬಿಹಾ ಭೂಮಿಗೌಡರು ವಿಜಯಪುರದ ಮಹಿಳಾ ವಿ.ವಿ.ಗೆ. ಒಂದೇ ಕನ್ನಡ ವಿಭಾಗದಿಂದ ಮೂರು ಕುಲಪತಿಗಳು.

ನನಗೆ ದೊಡ್ಡದಾಗಿ ಕಾಣುವುದು ಕುಲಪತಿ ಪದವಿಯೂ ಅಲ್ಲ. ಮೈಸೂರಿನ ಪಠ್ಯಕ್ರಮದಲ್ಲಿ ಪಂಪ, ರನ್ನ, ಕುಮಾರವ್ಯಾಸ. ಇಲ್ಲಿಯವರು ಅದರ ಪಕ್ಕದಲ್ಲೇ ತುಳುವಿನ ಕಥನಗೀತೆಗಳಾದ ಪಾಡ್ದನ, ಭೂತಾರಾಧನೆ, ಯಕ್ಷಗಾನವನ್ನು ತಂದು ಕೂರಿಸಿದರು. ಇದಕ್ಕೆಲ್ಲ ಪಿಎಚ್.ಡಿ. ಕೊಡಬಹುದು ಎಂದು ಮೊದಲು ಒಪ್ಪಿಸಬೇಕಾಗಿತ್ತು. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೋ ಅವರ ತಂಡ ಬಂದು ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಪೂರ್ತಿ ದಾಖಲಿಸಿತು. ಜೊತೆಗೆ ನಿಂತು ಕೆಲಸ ಮಾಡಿದವರು ವಿವೇಕ ರೈ ಮತ್ತು ಚಿನ್ನಪ್ಪ ಗೌಡ. 1998ರಲ್ಲಿ ಹೆಲ್ಸಿಂಕಿಯಿಂದ ಅದು ಪುಸ್ತಕವಾಗಿ ಬಂದಾಗ 15,683 ಸಾಲು. ಗದ್ದೆ ನಾಟಿಗೆ ಹಾಡುತ್ತಿದ್ದ ಹಾಡು ಹೋಮರನ ಸಾಲಿನಲ್ಲಿ ಚರ್ಚೆಯಾಗುವ ಕಾವ್ಯ ಅಂತ ಆಗ ಹೊರಗಿನವರಿಗೂ ತಿಳಿಯಿತು. ನಮ್ಮವರಿಗೂ ಅಷ್ಟೇ ಅನ್ನಿ.

ಕಾಪು ದೀಪಸ್ತಂಭ

ಪಾಡ್ದನದವರೇ, ಒಂದು ಸೇರಿಸಿ. ತುಳುವಿನ ದೊಡ್ಡ ಕೆಲಸ ಕೊಣಾಜೆಯಲ್ಲಿ ಮಾತ್ರ ಆದದ್ದಲ್ಲ. ಆರು ಸಂಪುಟಗಳ ತುಳು ನಿಘಂಟು ತಯಾರಾದದ್ದು ಉಡುಪಿಯಲ್ಲಿ, ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ, ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ. 1988ರಿಂದ 1997ರವರೆಗೆ ಸಂಪುಟಗಳು ಬಂದವು. ಒಂದು ಪದವಿ ಕಾಲೇಜು, ಅದೂ ಮಂಗಳೂರು ವಿ.ವಿ.ಗೆ ಸೇರಿದ್ದು, ಇಂಥ ಕೆಲಸ ಮಾಡಿತು. ತುಳು ಎಂ.ಎ. ಮಾತ್ರ ವಿ.ವಿ.ಯಲ್ಲಿ ಶುರುವಾದದ್ದು 2018ರಲ್ಲಿ, ಮಂಗಳೂರಿನ ಹಂಪನಕಟ್ಟೆಯ ಸಂಧ್ಯಾ ಕಾಲೇಜಿನಲ್ಲಿ. ತುಳುನಾಡಿನ ನಡುಮಧ್ಯೆ ಇರುವ ವಿ.ವಿ.ಗೆ ತುಳು ಎಂ.ಎ.ಗೆ 38 ವರ್ಷ ಹಿಡಿಯಿತು. ಕೊಂಕಣಿ ಎಂ.ಎ. ಎರಡು ವರ್ಷ ಮೊದಲೇ ಬಂದಿತ್ತು.

ಮತ್ತೆ ಉಡುಪಿಗೆ ಏನು ಸಿಕ್ಕಿತು ಅಂತ ಕೇಳುವ ಹಕ್ಕು ನಮಗೂ ಉಂಟು. 1997ರಲ್ಲಿ ಜಿಲ್ಲೆ ಆಯ್ತು, ವಿ.ವಿ. ಮಾತ್ರ ನೇತ್ರಾವತಿಯ ಆಚೆಗೇ. ನಮ್ಮ ಬೆಳಪುವಿನಲ್ಲಿ ವಿ.ವಿ.ಯ ಸಂಶೋಧನಾ ಕೇಂದ್ರ ಅಂತ ಕಟ್ಟಡ ಎದ್ದಿತು, ಅದು ವರ್ಷಗಳಿಂದ ಕುಂಟುತ್ತಾ ಇದೆ. ಮಣಿಪಾಲ ಇದೆಯಲ್ಲ ಅಂತ ಹೇಳುವವರು ಅಲ್ಲಿನ ಫೀಸು ಕೇಳಿಕೊಂಡು ಬನ್ನಿ.

ದೇರಳಕಟ್ಟೆ ಹುಡುಗ

ಸಂಧ್ಯಾ ಕಾಲೇಜು ನೆನಪಿಸಿದ್ದು ಒಳ್ಳೇದಾಯ್ತು. ಹಗಲು ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡಿ ಸಂಜೆ ಓದಿ ಡಿಗ್ರಿ ತೆಗೆದ ಮಂಗಳೂರಿನವರು ತುಂಬಾ ಜನ. ಲೇಖನದಲ್ಲಿ ಅವರಿಗೂ ಒಂದು ಸಾಲು ಇರ್ಲಿ ಮೇಷ್ಟ್ರೇ.

ಫಿಸಿಕ್ಸ್ ಅಕ್ಕ

ಕನ್ನಡ ವಿಭಾಗದವರು ಮಾತಾಡಲು ಶುರು ಮಾಡಿದರೆ ನಮಗೆ ಜಾಗ ಸಿಗುವುದಿಲ್ಲ, ಇದು ಕ್ಯಾಂಪಸ್ಸಿನಲ್ಲೂ ಹಾಗೆಯೇ ಇತ್ತು :)

ಈ ವಿ.ವಿ.ಯಲ್ಲಿ ಮೈಕ್ರೋಟ್ರಾನ್ ಉಂಟು ಅಂತ ಮಂಗಳೂರಿನ ಎಷ್ಟು ಜನರಿಗೆ ಗೊತ್ತು? ಇಲೆಕ್ಟ್ರಾನುಗಳಿಗೆ ವೇಗ ಕೊಡುವ ಯಂತ್ರ, 8 ಎಂ.ಇ.ವಿ. ಶಕ್ತಿಯದ್ದು. ಇಂದೋರಿನ ಪರಮಾಣು ಇಂಧನ ಇಲಾಖೆಯ ಸಂಸ್ಥೆಯ ನೆರವಿನಿಂದ ಬಂದದ್ದು. ಒಂದೇ ಸಮನಾದ ಕಾಂತಕ್ಷೇತ್ರದಲ್ಲಿ ಇಲೆಕ್ಟ್ರಾನು ಸುತ್ತು ಹಾಕುತ್ತದೆ, ಪ್ರತಿ ಸುತ್ತಿಗೂ ಮೈಕ್ರೋವೇವ್ ಕುಹರವೊಂದನ್ನು ಹಾದು ಇನ್ನಷ್ಟು ಶಕ್ತಿ ಪಡೆದು ಮೊದಲಿಗಿಂತ ದೊಡ್ಡ ಸುತ್ತಿಗೆ ಹೊರಳುತ್ತದೆ, ಕೊನೆಯ ಸುತ್ತಿನಿಂದ ಕಿರಣವನ್ನು ಹೊರಗೆಳೆಯುತ್ತಾರೆ. ಅರೆವಾಹಕ, ಪ್ಲಾಸ್ಟಿಕ್, ಬೀಜ ಏನನ್ನೇ ವಿಕಿರಣಕ್ಕೆ ಒಡ್ಡಿ ನೋಡಬೇಕಿದ್ದರೂ ಬೇರೆ ಊರಿನವರು ಕೊಣಾಜೆಗೆ ಬರುತ್ತಿದ್ದರು. ರಾಜ್ಯದ ವಿ.ವಿ.ಯೊಂದರಲ್ಲಿ ಇಂಥದ್ದು ಇರುವುದು ಸಾಮಾನ್ಯ ಸಂಗತಿಯಲ್ಲ.

ಇನ್ನೊಂದು ನಮ್ಮ ಊರಿಗೇ ಸಂಬಂಧಪಟ್ಟದ್ದು. ಉಳ್ಳಾಲದ ಮರಳಿನಲ್ಲಿ ಸಹಜ ವಿಕಿರಣ ಹೆಚ್ಚಿದೆ ಎಂದು ತೋರಿಸಿದವರು ನಮ್ಮ ಭೌತಶಾಸ್ತ್ರ ವಿಭಾಗದವರು, 1993ರಲ್ಲಿ ಅದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಕಾರಣ ಮರಳಿನಲ್ಲಿರುವ ಮೊನಜೈಟ್ ಖನಿಜ, ಅದರೊಳಗಿನ ಥೋರಿಯಂ. ಕೇರಳದ ಚವರ ಕಡೆಯದ್ದು ಎಲ್ಲರಿಗೂ ಗೊತ್ತಿತ್ತು, ಉಳ್ಳಾಲದ್ದು ಹೊಸತು. ಕೈಗಾ ಸುತ್ತಮುತ್ತಲಿನ ವಿಕಿರಣದ ಅಳತೆಯನ್ನೂ ಇದೇ ಜನ ವರ್ಷಗಟ್ಟಲೆ ಮಾಡಿದರು. ಸ್ಥಾವರದ ಪಕ್ಕದಲ್ಲಿ ಬದುಕುವವರಿಗೆ ಅಂಥ ಅಂಕಿಗಳು ಎಷ್ಟು ಮುಖ್ಯ ಅಂತ ಹೇಳಬೇಕಾಗಿಲ್ಲ. ಸಾಗರ ಭೂವಿಜ್ಞಾನ ವಿಭಾಗವೂ ಹಾಗೆಯೇ, ಕಡಲ ಬದಿಯ ವಿ.ವಿ. ಆದ್ದರಿಂದ ಹುಟ್ಟಿಕೊಂಡ ವಿಷಯ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಕ್ಕೆ ಇಲ್ಲಿ ‘ಆನ್ವಯಿಕ’ ಅಂತ ಮುಂದೆ ಸೇರಿಸಿಯೇ ವಿಭಾಗ ಮಾಡಿದ್ದು. ಎರಡನೆಯ ಕುಲಪತಿ ಸಫೀವುಲ್ಲಾ ಅವರೇ ಜೋಳ, ಸಜ್ಜೆಯ ಬೂಜುತುಪ್ಪಟ ರೋಗದ ತಜ್ಞರು.

ಹಾಗಾಗಿ ಮೇಷ್ಟ್ರೇ, ಸ್ಟಾಫ್ ರೂಮಿನ ಚರಿತ್ರೆ ಸರಿ, ಆದರೆ ಲ್ಯಾಬನ್ನು ಹೊರಗಿಡಬೇಡಿ. ಇಂಜಿನಿಯರಿಂಗ್ ಹೋದದ್ದು ನಷ್ಟ ಅಂತ ನನಗೆ ಅನ್ನಿಸುವುದೇ ಇಲ್ಲ. ಪರೀಕ್ಷೆ ನಡೆಸಿ ಮಾರ್ಕ್ಸ್ ಕಾರ್ಡು ಹಂಚುವ ಹೊರೆ ಅಷ್ಟು ಕಡಿಮೆ.

ಲೆಕ್ಕಪತ್ರ

ಅಕ್ಕಾ, ಆ ಹೊರೆಯಿಂದಲೇ ನಿಮ್ಮ ಲ್ಯಾಬಿನ ಕರೆಂಟು ಬಿಲ್ಲು ಕಟ್ಟುತ್ತಿದ್ದದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೇಷ್ಟ್ರ ‘ಕರಗುವಿಕೆ’ಗೂ ಈಗಿನ ಹಣದ ಬಿಕ್ಕಟ್ಟಿಗೂ ನೇರ ಸಂಬಂಧ ಇದೆ.

ನಮ್ಮ ರಾಜ್ಯದ ವಿ.ವಿ.ಗಳಿಗೆ ಎರಡು ಜೇಬು. ಒಂದು ಸರಕಾರದ್ದು: ಮಂಜೂರಾದ ಹುದ್ದೆಯಲ್ಲಿ ಖಾಯಂ ಆಗಿ ಇರುವವರ ಸಂಬಳ ಅಲ್ಲಿಂದ. ಇನ್ನೊಂದು ‘ಆಂತರಿಕ ಸಂಪನ್ಮೂಲ’: ವಿ.ವಿ.ಗೆ ಸೇರಿರುವುದಕ್ಕೆ ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ, ನೋಂದಣಿ, ಘಟಿಕೋತ್ಸವ, ಒಂದು ಕಾಲದಲ್ಲಿ ದೂರ ಶಿಕ್ಷಣ. ಖಾಯಂ ಅಧ್ಯಾಪಕರು ನಿವೃತ್ತರಾದಾಗ ಸರಕಾರ ಹೊಸಬರ ನೇಮಕಕ್ಕೆ ಅನುಮತಿ ಕೊಡುವುದಿಲ್ಲ. ಪಾಠ ನಿಲ್ಲಿಸಲು ಆಗುವುದಿಲ್ಲ. ಆಗ ಅತಿಥಿ ಉಪನ್ಯಾಸಕರು ಬರುತ್ತಾರೆ, ಅವರ ಸಂಬಳ ಎರಡನೆಯ ಜೇಬಿನಿಂದ. ಅಂದರೆ ಖಾಲಿ ಹುದ್ದೆ ಹೆಚ್ಚಿದಷ್ಟೂ ಸರಕಾರದ ಖರ್ಚು ಇಳಿಯುತ್ತದೆ, ವಿ.ವಿ.ಯ ಖರ್ಚು ಏರುತ್ತದೆ. ತಾತ್ಕಾಲಿಕ ನೌಕರರು, ಕಾವಲು, ಸ್ವಚ್ಛತೆ, ಕರೆಂಟು ಎಲ್ಲ ಅದೇ ಜೇಬಿಗೆ.

ಈಗ ಮೇಷ್ಟ್ರ ನಕ್ಷೆ ಹಿಡಿದುಕೊಳ್ಳಿ. ಮೆಡಿಕಲ್, ಇಂಜಿನಿಯರಿಂಗ್, ಕಾನೂನು, ಕೊಡಗು, ಅಲೋಶಿಯಸ್. ಒಂದೊಂದು ಹೋದಾಗಲೂ ಎರಡನೆಯ ಜೇಬಿಗೆ ಬರುವುದು ಕಡಿಮೆ ಆಯಿತು, ಆದರೆ ಅದರಿಂದ ಹೋಗುವುದು ಕಡಿಮೆ ಆಗಲಿಲ್ಲ. ದೂರ ಶಿಕ್ಷಣವೂ ಮೈಸೂರಿನ ಮುಕ್ತ ವಿ.ವಿ.ಯ ಪಾಲಾಯಿತು. ಇದರ ನಡುವೆ ನೆಲ್ಯಾಡಿ, ಬನ್ನಡ್ಕದಂಥ ಕಡೆ ವಿ.ವಿ. ತಾನೇ ಘಟಕ ಕಾಲೇಜು ತೆರೆಯಿತು. ಹಳ್ಳಿಯ ಮಕ್ಕಳಿಗೆ ಅದು ಉಪಕಾರವೇ, ನನ್ನ ತಕರಾರಿಲ್ಲ. ಆದರೆ ಅಂಥ ಕಾಲೇಜು ತೆರೆಯುವುದು ಸರಕಾರದ ಕೆಲಸ, ವಿ.ವಿ.ಯ ಸ್ವಂತ ಹಣದಿಂದ ಎಷ್ಟು ದಿನ ನಡೆಯುತ್ತದೆ? ಅತಿಥಿ ಉಪನ್ಯಾಸಕರ ಸಂಬಳಕ್ಕೆ, ನಿವೃತ್ತರ ಸೌಲಭ್ಯಕ್ಕೆ ತತ್ವಾರ ಅಂತ ಈಚಿನ ವರ್ಷಗಳಲ್ಲಿ ಪೇಪರಿನಲ್ಲಿ ಬರುತ್ತಿರುವುದು ಒಬ್ಬ ಕುಲಪತಿಯ ಕಾಲದಲ್ಲಿ ಆದದ್ದಲ್ಲ, ಮೂವತ್ತು ವರ್ಷದಿಂದ ಕೂಡಿಕೊಂಡು ಬಂದದ್ದು. ಬೈಯುವುದಾದರೆ ಎಲ್ಲ ಪಕ್ಷದ ಸರಕಾರಗಳನ್ನೂ ಸಮವಾಗಿ ಬೈಯಬೇಕು.

ಕಾಪು ದೀಪಸ್ತಂಭ

ಸಮವಾಗಿ ಬೈಯುವುದು ಸರಿ, ಆದರೆ ದುಂದಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಕೆಲಸ ಮುಗಿಯದ ಕಟ್ಟಡಗಳು ಬೆಳಪುವಿನಲ್ಲಿ ಮಾತ್ರವಾ ಇರುವುದು?

ಲೆಕ್ಕಪತ್ರ

ಕಟ್ಟಡಕ್ಕೆ ಅನುದಾನ ಸಿಗುತ್ತದೆ, ಅದರೊಳಗೆ ಪಾಠ ಮಾಡುವವರಿಗೆ ಸಿಗುವುದಿಲ್ಲ. ಬಂದದ್ದನ್ನು ಕಟ್ಟಿದರು. ಬೇಡ ಅನ್ನುವ ಧೈರ್ಯ ಇರಬೇಕಿತ್ತು, ಅದಂತೂ ಹೌದು.

ನಿರ್ವಾಹಕ

ಈಗಿರುವ, ಹಿಂದೆ ಇದ್ದ ಅಧಿಕಾರಿಗಳ ಹೆಸರು ಹಿಡಿದು ಆರೋಪ ಮಾಡಿದ ಎರಡು ಉತ್ತರಗಳನ್ನು ತೆಗೆದಿದ್ದೇನೆ. ಚರ್ಚೆ ಮುಂದುವರಿಸಿ.

ಕೋಡಿ ಕುಂದಾಪ್ರ

ಒಂದ್ ಕೇಂತೆ. ಪೇಪರಂಗೆ ವರ್ಷ ವರ್ಷ ಬತ್ತಲೇ, ಅಖಿಲ ಭಾರತ ಅಂತರ್ ವಿ.ವಿ. ಅಥ್ಲೆಟಿಕ್ಸಂಗೆ ಮಂಗಳೂರು ವಿ.ವಿ. ಚಾಂಪಿಯನ್ ಅಂದೇಳಿ. ಅದ್ ಬೆಳವಣಿಗೆ ಅಲ್ದಾ? ಯಾರೂ ಹೇಳುದೇ ಇಲ್ಲ.

ದೇರಳಕಟ್ಟೆ ಹುಡುಗ

ಅದು ಮೂಡುಬಿದಿರೆಯದ್ದು ಅಕ್ಕ. ಓಡುವವರು ಹೆಚ್ಚಿನವರು ಅಲ್ಲಿನ ಆಳ್ವಾಸ್ ಕಾಲೇಜಿನ ಮಕ್ಕಳು, ಪದಕ ವಿ.ವಿ.ಯ ಲೆಕ್ಕಕ್ಕೆ. ಮೇಷ್ಟ್ರ ಮಾತಿಗೆ ಇದೂ ಒಂದು ಸಾಕ್ಷಿ, ವಿ.ವಿ. ಅಂದರೆ ಕೊಣಾಜೆ ಒಂದೇ ಅಲ್ಲ.

ಪದವಿನ ಮೇಷ್ಟ್ರು

ಇಷ್ಟು ಸರಕು ಸಿಕ್ಕಿದ ಮೇಲೆ ಲೇಖನದ ಆಕಾರ ಬದಲಾಗಲೇಬೇಕು. ಲೆಕ್ಕಪತ್ರದವರು ಹೇಳಿದ ಎರಡು ಜೇಬಿನ ವಿಚಾರ ಖಂಡಿತ ಬರುತ್ತದೆ. ಅದನ್ನು ಓದಿದ ಮೇಲೆ 1980ರ ಸಂಭ್ರಮವೂ ನನಗೆ ಬೇರೆ ರೀತಿ ಕಾಣುತ್ತಿದೆ. ಆಗ 1976ರ ವಿ.ವಿ. ಕಾಯ್ದೆ, ಅದರಡಿ ಸೆನೆಟ್ ಎಂಬ ಸಭೆ ಇತ್ತು. ಕಾಲೇಜಿನ ಅಧ್ಯಾಪಕರು, ಪದವೀಧರರು ಅಲ್ಲಿ ಎದ್ದು ನಿಂತು ಕೇಳಬಹುದಿತ್ತು. 2000ದ ಹೊಸ ಕಾಯ್ದೆಯಲ್ಲಿ ಸೆನೆಟ್ ಹೋಯಿತು, ಸಿಂಡಿಕೇಟು ಮತ್ತು ವಿದ್ಯಾವಿಷಯಕ ಪರಿಷತ್ತು ಉಳಿದವು. ವಿ.ವಿ.ಯ ಹೋಳುಗಳು ಒಂದೊಂದಾಗಿ ಹೋಗುವಾಗ ಊರಿನವರು ಯಾರೂ ಕೇಳಲಿಲ್ಲ ಅನ್ನುತ್ತೇವೆ, ಕೇಳುವ ಜಾಗವೂ ಉಳಿದಿರಲಿಲ್ಲ. ಪಠ್ಯದ್ದೂ ಇದೇ ಅವಸ್ಥೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಪದವಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದರು. ಎರಡೂ ಸಲ ತೀರ್ಮಾನ ಬೆಂಗಳೂರಿನಲ್ಲಿ ಆಯಿತು, ಪಠ್ಯ ಬರೆಯುವ ಪಾಡು ನಮ್ಮ ಅಧ್ಯಾಪಕರಿಗೆ ಬಂತು.

ಹಂಪನಕಟ್ಟೆಯ ವಿ.ವಿ. ಕಾಲೇಜಿಗೆ ಒಂದು ಪುಟ ಇಡುತ್ತೇನೆ. 1868ರಲ್ಲಿ ಶುರುವಾದ ಸರಕಾರಿ ಸಂಸ್ಥೆ, 1993ರಲ್ಲಿ ವಿ.ವಿ.ಯ ತೆಕ್ಕೆಗೆ ಬಂತು. ವಿ.ವಿ.ಗಿಂತ ನೂರು ವರ್ಷಕ್ಕೂ ಹೆಚ್ಚು ಹಳೆಯ ಮಗು! 1922ರಲ್ಲಿ ರವೀಂದ್ರನಾಥ ಟಾಗೋರರು ಬಂದ ಜಾಗಕ್ಕೆ ಈಗ ರವೀಂದ್ರ ಕಲಾಭವನ ಅಂತ ಹೆಸರು. ಯಾರ ಹತ್ತಿರವಾದರೂ ಆ ಕಟ್ಟಡದ ಹಳೆಯ ಚಿತ್ರ ಇದ್ದರೆ ಕಳಿಸಿ.

ಸಂಚಿಕೆಯವರು ಕೊಟ್ಟ ಜಾಗ ಚಿಕ್ಕದು. ಏನಾದರೂ ಬಿಡಲೇಬೇಕು. ಕುಲಪತಿಗಳ ಪಟ್ಟಿಯನ್ನು ಪೂರ್ತಿ ಬಿಡೋಣ ಅಂತಿದ್ದೇನೆ.

ಫಿಸಿಕ್ಸ್ ಅಕ್ಕ

ಪಟ್ಟಿ ಬಿಡಿ, ಯಾರೂ ಅಳುವುದಿಲ್ಲ. ಮೈಕ್ರೋಟ್ರಾನ್ ಬಿಟ್ಟರೆ ಮಾತ್ರ ನಿಮ್ಮ ಗ್ರಂಥಾಲಯಕ್ಕೇ ಬಂದು ಕೂರುತ್ತೇನೆ.

ಮಡಿಕೇರಿ ಮಳೆ

ಕೊಡಗಿನ ಭಾಗಕ್ಕೆ ‘ಕಳೆದುಕೊಂಡದ್ದು’ ಅಂತ ತಲೆಬರಹ ಕೊಡಬೇಡಿ ಮೇಷ್ಟ್ರೇ. ನಾವು ಯಾರ ಸೊತ್ತೂ ಅಲ್ಲ. ಕೊಡಗು ವಿ.ವಿ. ಉಳಿಯುತ್ತದೋ ಇಲ್ಲವೋ, ಉಳಿಯದಿದ್ದರೆ ನಮ್ಮ ಕಾಲೇಜುಗಳನ್ನು ಮತ್ತೆ ಘಾಟಿ ಇಳಿಸುತ್ತಾರೆ. ಆಗ ಸಂಯೋಜನಾ ಶುಲ್ಕ ಬಂತು ಅಂತ ನೀವು ಸಂತೋಷಪಡಬೇಡಿ, ಜ್ಞಾನ ಕಾವೇರಿಯ ಖರ್ಚೂ ಜೊತೆಗೆ ಬರುತ್ತದೆ. ಲೆಕ್ಕಪತ್ರದವರೇ, ಸರಿ ತಾನೇ?

ಲೆಕ್ಕಪತ್ರ

ಸರಿ. ಸರಕಾರ ಹುದ್ದೆ ತುಂಬದಿದ್ದರೆ ಅದು ಬಂದರೂ ನಷ್ಟವೇ.

ಪಾಡ್ದನ ಪ್ರಿಯ

ಪಟ್ಟಿ ಬಿಟ್ಟರೂ ಶೇಕ್ ಅಲಿಯವರನ್ನು ಬಿಡಬೇಡಿ ಮೇಷ್ಟ್ರೇ. ಅವರೂ ನಿಮ್ಮ ಹಾಗೆ ಚರಿತ್ರೆಯವರು, ಹೈದರ್–ಟಿಪ್ಪು ಕಾಲದ ಬಗ್ಗೆ ಕೆಲಸ ಮಾಡಿದವರು. ಸ್ನಾತಕೋತ್ತರ ಕೇಂದ್ರವೊಂದನ್ನು ವಿ.ವಿ. ಮಾಡುವುದೆಂದರೆ ಪರೀಕ್ಷಾ ವಿಭಾಗ, ಹಣಕಾಸು, ಸಂಯೋಜನೆ, ಪಠ್ಯ ಸಮಿತಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು, ಅದೂ ಮುರಕಲ್ಲಿನ ಗುಡ್ಡೆಯ ಮೇಲೆ. ಮಂಗಳೂರಿನದ್ದು ಮುಗಿದ ಮೇಲೆ ಗೋವಾ ವಿ.ವಿ.ಗೂ ಮೊದಲ ಕುಲಪತಿ ಅವರೇ. ಪಶ್ಚಿಮ ಕರಾವಳಿಯ ಎರಡು ವಿ.ವಿ.ಗಳನ್ನು ಒಬ್ಬರೇ ಎದ್ದು ನಿಲ್ಲಿಸಿದ್ದು. 2022ರಲ್ಲಿ ತೀರಿಕೊಂಡರು. ನಿಮ್ಮ ಸಂಚಿಕೆಯಲ್ಲಿ ಒಂದೇ ಚಿತ್ರಕ್ಕೆ ಜಾಗ ಇದ್ದರೆ ಹಂಪನಕಟ್ಟೆಯ ಕಟ್ಟಡದ ಬದಲು ಅವರದ್ದೇ ಹಾಕಿ. ಚಿತ್ರ ವಿ.ವಿ.ಯ ಪ್ರಕಾಶನ ವಿಭಾಗವಾದ ಪ್ರಸಾರಾಂಗದವರ ಹಳೆಯ ಪ್ರಕಟಣೆಗಳಲ್ಲಿ ಇರಬಹುದು, ಸೋಮವಾರ ಆ ಕಡೆ ಹೋಗಲಿಕ್ಕುಂಟು, ವಿಚಾರಿಸಿ ಇಲ್ಲೇ ಹಾಕುತ್ತೇನೆ.